ಅಯಸ್ಕಾಂತ ತೆಗೆದ ಮೆಕ್ಯಾನಿಕ್

ಮೆಕ್ಯಾನಿಕ್ ತಮ್ಮ ಟಿ.ವಿ. ರಿಪೇರಿ ಅಂಗಡಿಯನ್ನು ತೆರೆದದ್ದು ೧೯೭೮ರ ಜೂನ್ ೨, ಶುಕ್ರವಾರ. ಅಂದಿನಿಂದ ಕೆಟ್ಟ ಚಿತ್ರವನ್ನು ಕಂಡೂ ಕಾಣದಂತೆ ದಾಟಿಹೋದವರಲ್ಲ. ಮುಪ್ಪಿನಲ್ಲಿ ಆ ಹೆಮ್ಮೆಯೇ ಅವರಿಗೆ ಮುಳುವಾಯಿತು.

೨೦೧೯ರ ಮಾರ್ಚ್ ೧೪, ಗುರುವಾರ, ಮಗಳ ಮೊದಲ ಕಲಾಪ್ರದರ್ಶನ. ಎಲ್ಲರಿಗಿಂತ ಮುಂಚೆ ಬಂದ ಅವರು ತಾವೇ ಕೊಟ್ಟಿದ್ದ ಹಳೆಯ ಟಿ.ವಿ.ಯನ್ನು ನೋಡಿ ಬೆಚ್ಚಿದರು. ಯಾರೋ ಅದರ ನೆತ್ತಿಯ ಮೇಲೆ ದೊಡ್ಡ ಅಯಸ್ಕಾಂತವಿಟ್ಟಿದ್ದರಿಂದ ಚಿತ್ರವೆಲ್ಲ ಸೊಟ್ಟಗಾಗಿತ್ತು. 'ಮಗಳ ಮಾನ ಮೂರು ಕಾಸಿಗೆ ಹೋಗುತ್ತದಲ್ಲ!' ಎಂದುಕೊಂಡು ಅದನ್ನು ತೆಗೆದು ಚೀಲಕ್ಕೆ ಹಾಕಿ, ಚಿತ್ರವನ್ನು ನೆಟ್ಟಗೆ ಮಾಡಿ ಕುಳಿತರು.

ಅತಿಥಿಗಳೊಡನೆ ಒಳಬಂದ ಮಗಳು ಬಿಳಿಚಿಕೊಂಡಳು. "ಅಪ್ಪಾ, ಆ ಸೊಟ್ಟ ಚಿತ್ರಾನೇ ನನ್ನ ಕೆಲಸ! ಅರವತ್ತರ ದಶಕದ ತುಂಟ ಕಲಾವಿದರು ಟಿ.ವಿ. ಜೊತೆ ಹೀಗೆ ಆಟ ಆಡಿದ್ದಕ್ಕೇ ನಮ್ಮಂಥವರ ಕಲೆ ಹುಟ್ಟಿದ್ದು. ಎರಡು ವಾರ ಒದ್ದಾಡಿ ಅಯಸ್ಕಾಂತ ಇಡೋಕೆ ಆ ಜಾಗ ಹುಡುಕಿದ್ದೆ."

"ಸೊಟ್ಟಗಿದ್ದದ್ದನ್ನ ನೆಟ್ಟಗೆ ಮಾಡೇ ಅಭ್ಯಾಸ ಕಣಮ್ಮಾ..."

ಅವರು ಅಯಸ್ಕಾಂತವನ್ನು ಚೀಲದಿಂದ ತೆಗೆದು, ಮತ್ತೆ ಟಿ.ವಿ. ಮೇಲಿಟ್ಟು ಅತ್ತಿತ್ತ ಸರಿಸಿದರು. ಬಣ್ಣಗಳು ಸುಳಿಸುಳಿಯಾಗಿ ತಿರುಗಿದವು. ಮಗಳ ಚಿತ್ರವಂತೂ ಮರಳಲಿಲ್ಲ. ಇದೂ ಪ್ರದರ್ಶನದ ಭಾಗವೆಂದು ತಿಳಿದ ಅತಿಥಿಗಳು ಚಪ್ಪಾಳೆ ತಟ್ಟಿದರು.

"ನಾನು ಕಲಾವಿದ ಅಲ್ಲ ಸ್ವಾಮಿ, ಕೆಡಿಸಿದವನು," ಎಂದರು ಮೆಕ್ಯಾನಿಕ್.

"ಆಹಾ, ಅಭಿನಯ ನೋಡ್ರೀ!" ಎಂದರು ಮುಂದೆ ನಿಂತಿದ್ದ ಹೆಂಗಸೊಬ್ಬರು.

ಚಪ್ಪಾಳೆ ಇಮ್ಮಡಿಯಾಯಿತು. ಮಗಳ ಕೈಗಳು ಮಾತ್ರ ಕದಲಲಿಲ್ಲ. ಭೂಮಿ ಬಾಯಿಬಿಡಬಾರದೇ ಎಂದು ಹಂಬಲಿಸುತ್ತ, ಆ ಮೆಚ್ಚುಗೆಯ ನಡುವೆ ಅವರು ತಲೆತಗ್ಗಿಸಿ ನಿಂತೇ ಇದ್ದರು.