ಹಸಿರು ಬಾಟಲಿಯ ನೀರು

ಪ್ರವಾಸದ ಬಸ್ಸಿನಲ್ಲಿ ಅಡುಗೆ ಮಾಡುತ್ತಿದ್ದ ಆಕೆಯನ್ನು ಎಲ್ಲರೂ ಕುದಿನೀರಮ್ಮ ಎಂದೇ ಕರೆಯುತ್ತಿದ್ದರು. ಅದಕ್ಕೆ ಅವಳೇನೂ ಬೇಸರಪಟ್ಟುಕೊಂಡವಳಲ್ಲ, ಒಳಗೊಳಗೇ ಹಿಗ್ಗುತ್ತಿದ್ದಳು. ಹಿಗ್ಗದೆ ಇನ್ನೇನು? ಬಸ್ಸು ಎಲ್ಲಿ ನಿಂತರೂ ಮೊದಲು ಇಳಿಯುವುದು ಅವಳ ಗ್ಯಾಸ್ ಒಲೆ, ಆಮೇಲೆ ಜನ. ನೀರು ಕೊತಕೊತ ಕುದಿದು, ಆರಿ, ಸ್ಟೀಲ್ ಡ್ರಮ್ಮಿಗೆ ಸೇರುವ ತನಕ ಯಾರೂ ಲೋಟ ಮುಟ್ಟುವಂತಿಲ್ಲ. ದಾರಿ ಬದಿಯಲ್ಲಿ ಕೊಯ್ದಿಟ್ಟ ಹಣ್ಣು ತಂದವರಿಗೆ ಬೈಗುಳ, ಐಸ್ ಹಾಕಿದ ಶರಬತ್ತು ಕುಡಿದವರಿಗೆ ಇನ್ನೂ ನಾಲ್ಕು ಹೆಚ್ಚು. ರಿಟೈರಾದ ಜಡ್ಜ್ ಒಬ್ಬರು ಕೈ ತೊಳೆಯದೆ ಊಟಕ್ಕೆ ಕೂತು, ಅವಳ ಬಾಯಿಗೆ ಸಿಕ್ಕಿ, ತೆಪ್ಪಗೆ ಎದ್ದು ಹೋಗಿ ಸೋಪು ಹಚ್ಚಿದ್ದರು. ಎಂಥ ಸೆಕೆಯಲ್ಲೂ ಈ ಬಸ್ಸಿನವರ ಹೊಟ್ಟೆ ಕೆಡುವುದಿಲ್ಲ ಎಂಬ ಹೆಸರು ಬಂದದ್ದು ಅವಳಿಂದಲೇ.

ಅಂಥವಳ ಮೊಮ್ಮಗಳೇ ಈಗ ಬಾಡಿದ ಸೊಪ್ಪಿನ ಹಾಗೆ ಕ್ಲಿನಿಕ್ಕಿನ ಮಂಚದ ಮೇಲೆ ಮಲಗಿದ್ದಳು.

ಮಗುವನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯಾಕೆ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಳು. ಬಟ್ಟೆ ಕಾರ್ಖಾನೆಯಲ್ಲಿ ಮಗಳಿಗೆ ರಜೆ ಸಿಗಲಿಲ್ಲ. ಹಾಗಾಗಿ ಈ ಸಲ ಪುಟ್ಟಿಯೂ ಬಸ್ಸು ಹತ್ತಿದಳು. ನೀರಿನ ಬಗ್ಗೆ ಹುಷಾರು ಎಂದು ಮಗಳು ಹೊರಡುವಾಗ ಹೇಳಿದಾಗ ಅಜ್ಜಿಗೆ ಸಿಟ್ಟೇ ಬಂದಿತ್ತು. ನೀರಿನ ಪಾಠ ನನಗೇ ಹೇಳಿಕೊಡ್ತಾಳಲ್ಲ ಎಂದು ಡ್ರೈವರನ ಹತ್ತಿರ ಆಡಿಕೊಂಡು ನಕ್ಕಿದ್ದಳು.

ಬೆಳಗ್ಗೆ ಶುರುವಾದ ವಾಂತಿ ಭೇದಿ ಮಧ್ಯಾಹ್ನದ ಹೊತ್ತಿಗೆ ಮಗುವಿನ ಕಣ್ಣನ್ನೇ ಗುಳಿ ಮಾಡಿತ್ತು. ಅಳುತ್ತಿದ್ದರೂ ಕಣ್ಣೀರಿಲ್ಲ. ಡಾಕ್ಟರು ಸಂಜೆಗೇ ಬರುವುದು. ನರ್ಸಮ್ಮ ಮಗುವಿನ ಹೊಟ್ಟೆಯ ಚರ್ಮ ಚಿವುಟಿ ನೋಡಿ, ಉಪ್ಪು ಸಕ್ಕರೆಯ ಪುಡಿಯನ್ನು ನೀರಿಗೆ ಕಲಸಿ, ಲೋಟ ಚಮಚ ಕೈಗೆ ಕೊಟ್ಟಳು.

"ಒಂದೊಂದೇ ಚಮಚ ಕುಡಿಸ್ತಾ ಇರಿ. ಸಂಜೆಯೊಳಗೆ ಉಚ್ಚೆ ಹೊಯ್ದರೆ ಭಯ ಇಲ್ಲ. ಇಲ್ಲಾಂದ್ರೆ ದೊಡ್ಡಾಸ್ಪತ್ರೆಗೆ ಕಳಿಸ್ಬೇಕು. ಕೊನೇ ಸಲ ಯಾವಾಗ ಹೊಯ್ದಿದ್ದು?"

ಅಜ್ಜಿಗೆ ನೆನಪೇ ಆಗಲಿಲ್ಲ. ಬಸ್ಸಿನ ಅಷ್ಟೂ ಜನರ ಹೊಟ್ಟೆಯ ಸಮಾಚಾರ ಇಟ್ಟುಕೊಂಡವಳಿಗೆ ತನ್ನ ಮಡಿಲ ಕೂಸಿನದು ಗೊತ್ತಿಲ್ಲ! ದೊಡ್ಡಾಸ್ಪತ್ರೆ ಎಷ್ಟು ದೂರವೋ, ದಾರಿಯಲ್ಲಿ ಏನಾದರೂ ಆದರೆ ಮಗಳಿಗೆ ಯಾವ ಮುಖ ತೋರಿಸುವುದೋ ಎಂದು ದಿಗಿಲಾಯಿತು. ಆ ಭಯವೆಲ್ಲ ಸಿಟ್ಟಾಗಿ ಬಾಗಿಲಲ್ಲಿ ನಿಂತಿದ್ದ ಡ್ರೈವರನ ಮೇಲೆ ತಿರುಗಿತು. ಕದ್ದು ಮುಚ್ಚಿ ಐಸ್‌ಕ್ಯಾಂಡಿ ಕೊಡಿಸಿದವನು ನೀನೇ ಎಂದು ಹರಿಹಾಯ್ದಳು. ಅವನು ತನ್ನ ಮಕ್ಕಳ ಮೇಲೆ ಆಣೆ ಇಟ್ಟ. ಹಾಗಾದರೆ ಹಿಂದಿನ ಸೀಟಿನ ಹೊಸ ಜೋಡಿ ಹಣ್ಣು ತಿನ್ನಿಸಿರಬೇಕು ಎಂದಳು. ನೀರಂತೂ ಅಲ್ಲವೇ ಅಲ್ಲ, ಆ ಡ್ರಮ್ಮಿನ ನೀರು ಕುಡಿದವರೆಲ್ಲ ಗುಂಡುಕಲ್ಲಿನ ಹಾಗಿದ್ದಾರೆ.

ಚಮಚ ಹತ್ತಿರ ಬಂದರೆ ಪುಟ್ಟಿ ತುಟಿ ಬಿಗಿಹಿಡಿಯುತ್ತಿದ್ದಳು. ಮುದ್ದು ಮಾಡಿದ್ದಾಯಿತು, ಗದರಿದ್ದಾಯಿತು, ಗೊಂಬೆಯ ಆಸೆ ತೋರಿಸಿದ್ದೂ ಆಯಿತು. ಕೊನೆಗೆ ಸಣ್ಣ ದನಿಯಲ್ಲಿ, ಅಜ್ಜಿಯ ಬಾಟಲಿಯದೇ ಬೇಕು ಎಂದಳು.

ಅಯ್ಯೋ, ಅಷ್ಟೇ ತಾನೇ! ಚೀಲದಲ್ಲಿ ಸದಾ ಇರುತ್ತಿದ್ದ ಹಸಿರು ಬಣ್ಣದ ಸ್ಟೀಲ್ ಬಾಟಲಿ ತೆಗೆದು, ಲೋಟದ ನೀರನ್ನು ಅದಕ್ಕೆ ಬಗ್ಗಿಸಹೋದಳು. ನರ್ಸಮ್ಮ ಕೈ ಅಡ್ಡ ಇಟ್ಟಳು.

"ಅದರಲ್ಲೇನಿದೆ?"

"ನೀರು."

"ಕುದಿಸಿದ್ದಾ?"

ಅಜ್ಜಿ ಬಾಟಲಿಯನ್ನು ಕೆಳಗಿಟ್ಟಳು. ಅದು ಬೆಳಗ್ಗೆ ಪೆಟ್ರೋಲ್ ಬಂಕಿನ ನಲ್ಲಿಯಲ್ಲಿ ಹಿಡಿದ ನೀರು. ನಿನ್ನೆಯದು ಲಾಡ್ಜಿನ ಹಿತ್ತಲಿನ ತೊಟ್ಟಿಯದು. ಕುದಿಸಿದ್ದು ಪ್ರಯಾಣಿಕರಿಗೆ, ಸೂಕ್ಷ್ಮದವರಿಗೆ. ಕಲ್ಲು ತಿಂದರೂ ಅರಗಿಸುವ ತನ್ನ ಹೊಟ್ಟೆಗೆ ಯಾಕೆ ದಂಡಕ್ಕೆ ಗ್ಯಾಸು ಉರಿಸಬೇಕು? ಹರೆಯದಿಂದಲೂ ಹೀಗೇ, ಸಿಕ್ಕಿದ ನಲ್ಲಿಯ ನೀರು ಕುಡಿದೇ ಬದುಕಿದವಳು.

"ಪುಟ್ಟಿ, ಇದರಲ್ಲಿ ಕುಡಿದ್ಯಾ?"

"ದಿನಾ. ನೀನು ಮಲಗಿದಾಗ. ನೀನೂ ಇದನ್ನೇ ಕುಡೀತೀಯಲ್ಲ ಅಜ್ಜಿ?"

ನರ್ಸಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಒಳಗೆ ಹೋಗಿ ಬಾಟಲಿ ತಿಕ್ಕಿ ತೊಳೆದು, ಕುದಿಯುವ ನೀರಿನಲ್ಲಿ ಅದ್ದಿ, ಆರಿಸಿ, ಪುಡಿಯ ನೀರು ತುಂಬಿ ತಂದಳು. ಡ್ರೈವರ್ ಗೋಡೆ ನೋಡುತ್ತ ನಿಂತ. ಅಜ್ಜಿ ಅವನ ಕ್ಷಮೆ ಕೇಳಬೇಕೆಂದುಕೊಂಡಳು, ಕೇಳದೆ ಬಾಟಲಿಗೆ ಕೈ ಚಾಚಿದಳು.

"ಮೊದಲು ನೀನು," ಎಂದಳು ಪುಟ್ಟಿ.

ಅಜ್ಜಿ ಮಗುವನ್ನು ತೊಡೆಯ ಮೇಲೆ ಎತ್ತಿಕೊಂಡು ಕುಡಿದಳು. ಆಮೇಲೆ ಮಗು ಒಂದು ಗುಟುಕು. ಮತ್ತೆ ಅಜ್ಜಿ, ಮತ್ತೆ ಮಗು. ಒಂದು ಸಲ ಎಲ್ಲವೂ ಹೊರಗೆ ಬಂತು. ನೆಲ ಒರೆಸಿ, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಮೊದಲಿನಿಂದ ಶುರು. ಮೇಲೆ ಫ್ಯಾನು ಕಿರ್ರೆನ್ನುತ್ತಿತ್ತು. ಗಳಿಗೆಗೊಮ್ಮೆ ಅವಳು ಮಗುವಿನ ಲಂಗದ ಕೆಳಗೆ ಕೈಯಿಟ್ಟು ನೋಡುತ್ತಿದ್ದಳು. ಒಣಗಿತ್ತು. ಕಿಟಕಿಯ ಬಿಸಿಲು ಮಂಚ ದಾಟಿ ಗೋಡೆ ಹತ್ತಿತು. ಆಗಲೂ ಒಣಗಿತ್ತು. ಇದೊಂದು ಸಲ, ಇದೊಂದೇ ಸಲ ಎಂದು ಯಾರನ್ನು ಬೇಡಿಕೊಂಡಳೋ ಅವಳಿಗೇ ತಿಳಿಯದು.

ಡಾಕ್ಟರ ಸ್ಕೂಟರು ಹೊರಗೆ ನಿಂತ ಸದ್ದಾಯಿತು. ಅದೇ ಹೊತ್ತಿಗೆ ಅವಳ ತೊಡೆ ಬೆಚ್ಚಗಾಯಿತು. ಸೀರೆಯೆಲ್ಲ ಒದ್ದೆ. ನರ್ಸಮ್ಮನನ್ನು ಕೂಗಿ ಕರೆದು, ಆ ಒದ್ದೆ ಸೀರೆಯನ್ನೇ ಹಿಡಿದು ತೋರಿಸಿ ಗಳಗಳನೆ ಅತ್ತಳು.

ಕಾರ್ಖಾನೆ ಬಿಟ್ಟ ಮೇಲೆ ಮಗಳ ಫೋನು ಬಂತು. ಡ್ರೈವರ್ ವಿಷಯ ತಿಳಿಸಿದ್ದನಂತೆ. ಮಗುವಿನ ದನಿ ಕೇಳಿ, ಅತ್ತು, ಸಮಾಧಾನವಾದ ಮೇಲೆ ಅವಳು ಕೇಳಿದ್ದು ಒಂದೇ. ಯಾರು ಕೊಟ್ಟ ನೀರು ಕುಡಿದಳು?

ಡ್ರೈವರ್ ಅಲ್ಲೇ ಇದ್ದ. ಐಸ್‌ಕ್ಯಾಂಡಿ ಎಂದರೆ ಎಲ್ಲರೂ ನಂಬುತ್ತಿದ್ದರು, ಅವನೂ ಸುಮ್ಮನಿರುತ್ತಿದ್ದನೋ ಏನೋ. ಕುದಿನೀರಮ್ಮ ಬಾಟಲಿಯನ್ನು ಮಡಿಲಲ್ಲಿ ಅವಚಿ ಹಿಡಿದುಕೊಂಡಳು.

"ಯಾರೂ ಕೊಡಲಿಲ್ಲ ಕಣೇ," ಎಂದಳು. "ನಾನು ಕುಡಿಯೋ ನೀರು ಕುಡಿದ್ಲು."