ಎಡಗಡೆಯಿಂದ ಬಂದವಳು

ಸೈಕಲ್ ಅಂಗಡಿ ಇಟ್ಟವನಿಗೆ ಇಬ್ಬರು ಗೆಳತಿಯರ ಪೈಪೋಟಿಗಿಂತ ಒಳ್ಳೆಯ ವ್ಯಾಪಾರ ಇನ್ನೊಂದಿಲ್ಲ. ಡ್ರೈವರಮ್ಮ ಹೊಸ ಟೈರು ಹಾಕಿಸಿಕೊಂಡಳು ಎಂಬ ಸುದ್ದಿ ಬೇಕರಿಯಕ್ಕನ ಕಿವಿಗೆ ಬಿದ್ದರೆ ಸಾಕು, ಸಂಜೆಯೊಳಗೆ ಅವಳೂ ಹಾಜರು. ಸುದ್ದಿಯನ್ನು ಕಿವಿಗೆ ಹಾಕುತ್ತಿದ್ದವನು ನಾನೇ ಎಂಬುದು ಬೇರೆ ಮಾತು.

ಡ್ರೈವರಮ್ಮ ಓಡಿಸುತ್ತಿದ್ದುದು ಶಾಲೆಯ ವ್ಯಾನು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ಅವಳು, ಅವಳ ಅತ್ತೆ, ಗೋಡೆಗೆ ಒರಗಿಸಿದ ಸೈಕಲ್ಲು. ಮೂವರ ಹೊಟ್ಟೆಗೂ ವ್ಯಾನೇ ಗತಿ. ಸೈಕಲ್ಲಿಗೂ ಹೊಟ್ಟೆಯಿದೆ ಎಂಬುದು ನನ್ನ ಗಿರಾಕಿಗಳಿಗೆಲ್ಲ ಗೊತ್ತು.

ವರ್ಷಕ್ಕೊಮ್ಮೆ ಕೆರೆಯ ದಡದಲ್ಲಿ ಪಂದ್ಯ. ಮೊದಲು ಈಜು, ನೀರಿನಿಂದ ಎದ್ದು ಸೈಕಲ್, ಸೈಕಲ್ ಇಳಿದು ಓಟ. ಐವತ್ತು ದಾಟಿದ ಹೆಂಗಸರ ಗುಂಪಿನಲ್ಲಿ ಹೆಸರು ಕೊಡುತ್ತಿದ್ದವರು ಇವರಿಬ್ಬರೇ. ಇಬ್ಬರಿಗೂ ಬಹುಮಾನ ಖಾತ್ರಿ. ಮೊದಲನೆಯದು ಯಾರಿಗೆ ಎಂಬುದಷ್ಟೇ ಜಗಳ. ಅದು ಪ್ರತಿ ಸಲವೂ ಡ್ರೈವರಮ್ಮನಿಗೇ.

ಅತ್ತೆಗೆ ಇದೆಲ್ಲ ಹುಚ್ಚಾಟ. "ಓಡೋ ಆಸೆ ಇದ್ರೆ ರೇಷನ್ ಅಂಗಡಿಗೆ ಓಡೇ. ನೀರಲ್ಲಿ ಬಿದ್ದು ಒದ್ದಾಡಿ ಯಾರನ್ನ ಉದ್ಧಾರ ಮಾಡ್ತೀಯ?"

ಬೇಕರಿಯಕ್ಕನಿಗೆ ಒಂದು ಚೇಷ್ಟೆಯಿತ್ತು. ಬೆಳಗಿನ ಅಭ್ಯಾಸದಲ್ಲಿ ಬಲಗಡೆಯಿಂದ ಹಿಂದಿಕ್ಕುವ ಬದಲು ಎಡಗಡೆಯ ಸಂದಿಯಲ್ಲಿ ಸೈಕಲ್ ತೂರಿಸುವುದು. ಡ್ರೈವರಮ್ಮ ಮೊಣಕೈ ಅಗಲಿಸಿ ಅಡ್ಡಗಟ್ಟುವುದು, ಇಬ್ಬರೂ ಬೈದಾಡಿಕೊಳ್ಳುವುದು. ಒಂದು ಬೆಳಿಗ್ಗೆ ಮೊಣಕೈ ಅಗಲವಾಗಲಿಲ್ಲ. ಬೇಕರಿಯಕ್ಕ ಪಕ್ಕಕ್ಕೇ ಬಂದು, ನಾಲಿಗೆ ಹೊರಚಾಚಿ ಅಣಕಿಸಿದಳಂತೆ. ಡ್ರೈವರಮ್ಮ ತಿರುಗಲಿಲ್ಲ. ನೆಟ್ಟ ನೋಟ ಮುಂದಕ್ಕೇ. ಸ್ವಲ್ಪ ಹೊತ್ತು ಇಬ್ಬರೂ ಹಾಗೆಯೇ ಜೊತೆಯಲ್ಲಿ ಹೋದರು. ಒಬ್ಬಳಿಗೆ ಮಾತ್ರ ಅದು ಗೊತ್ತಿತ್ತು.

ಅವತ್ತೇ ಬೇಕರಿಯಕ್ಕ ಅವಳನ್ನು ನನ್ನ ಅಂಗಡಿಯಲ್ಲಿ ಹಿಡಿದಳು.

"ಎಡಗಣ್ಣು ಏನಾಗಿದೆಯೇ ನಿಂಗೆ?"

"ಧೂಳು ಬಿದ್ದಿತ್ತು."

"ಧೂಳಲ್ಲ ಕಣೇ. ಕೋತಿ ಥರ ಕುಣಿದೆ, ನಿಂಗೆ ಕಾಣಲೇ ಇಲ್ಲ."

"ನಿನ್ನ ಮುಖ ಕಾಣದಿದ್ರೆ ನಷ್ಟ ಏನು?"

ಬೇಕರಿಯಕ್ಕ ನಗಲಿಲ್ಲ. ಡ್ರೈವರಮ್ಮ ಸೈಕಲ್ಲಿನ ಬೆಲ್ ಒತ್ತುತ್ತಾ, ತಗ್ಗಿದ ದನಿಯಲ್ಲಿ ಹೇಳಿದಳು: "ತೋರಿಸಿದೀನಿ. ಹೋಗಿದ್ದು ವಾಪಸ್ ಬರಲ್ಲವಂತೆ. ಬಲಗಣ್ಣು ಉಳಿಸ್ಕೊಳ್ಳೋಕೆ ಔಷಧಿ ಬಿಡ್ತಿದೀನಿ. ವ್ಯಾನಲ್ಲಿ ಕನ್ನಡಿ ಇದೆ, ಕತ್ತು ತಿರುಗಿಸಿ ನೋಡ್ತೀನಿ."

"ಮಕ್ಕಳು ಇಳಿಯೋದು ಎಡಗಡೆಯಿಂದಲೇ ಅಲ್ವೇನೇ?"

ಬೆಲ್ಲಿನ ಸದ್ದು ನಿಂತಿತು.

"ನೀನು ಹೇಳ್ತೀಯೋ, ಶಾಲೆಗೆ ಹೋಗಿ ನಾನೇ ಹೇಳ್ಲೋ?"

"ಅತ್ತೆಗೆ ಊಟ ನೀನು ಹಾಕ್ತೀಯಾ?" ಡ್ರೈವರಮ್ಮ ಎದ್ದು ನಿಂತಳು. "ಪಂದ್ಯ ಈ ಭಾನುವಾರ. ನೀನು ಗೆದ್ದರೆ ಸೋಮವಾರ ಶಾಲೆಗೆ ವ್ಯಾನ್ ಕೀಲಿ ಒಪ್ಪಿಸ್ತೀನಿ. ನಾನು ಗೆದ್ದರೆ ನೀನು ಬಾಯಿ ಮುಚ್ಕೊಂಡಿರಬೇಕು. ಅಣ್ಣ, ನೀವೇ ಸಾಕ್ಷಿ. ಅಲ್ಲೀವರೆಗೆ ಹುಷಾರಿಲ್ಲ ಅಂತ ರಜ ಹಾಕ್ತೀನಿ, ಸಾಕಾ?"

ಒಂದು ಸಲವೂ ಸೋಲದವಳು ಕಟ್ಟಿದ ಪಂಥ ಅದು. ಬೇಕರಿಯಕ್ಕ ಹೂಂ ಅಂದಳು. ಅವತ್ತು ಇಬ್ಬರಿಗೂ ಏನನ್ನೂ ಮಾರಲು ನನಗೆ ಬಾಯಿ ಬರಲಿಲ್ಲ.

ಭಾನುವಾರ ಡ್ರೈವರಮ್ಮ ನೀರಿನಿಂದ ಮೊದಲು ಎದ್ದಳು. ಸೈಕಲ್ಲಿನಲ್ಲೂ ಅವಳೇ ಮುಂದೆ. ಓಟ ಮುಗಿಯುವ ಗೆರೆಯ ಬಳಿ ನಾನು ನಿಂತಿದ್ದೆ. ಅವಳು ಕಾಣಿಸಿದಳು, ಹಿಂದೆ ಬೇಕರಿಯಕ್ಕ, ಮುಖ ಕುಲುಮೆಯ ಹಾಗೆ ಕೆಂಪಾಗಿತ್ತು. ಡ್ರೈವರಮ್ಮ ಬಲಭುಜದ ಮೇಲಿಂದ ಹಿಂತಿರುಗಿ ನೋಡಿದಳು. ದಾರಿ ಖಾಲಿ. ನಿರಾಳವಾಗಿ ಹೆಜ್ಜೆ ಸಡಿಲಿಸಿದಳು. ಬೇಕರಿಯಕ್ಕ ಅಷ್ಟರಲ್ಲಾಗಲೇ ದಾರಿಯ ಎಡ ಅಂಚಿಗೆ ಸರಿದಿದ್ದಳು. ಅಲ್ಲಿಂದ ಬಂದವಳು ಗೆರೆಗೆ ಎರಡು ಮಾರು ಇರುವಾಗ ಅವಳನ್ನು ಹಿಂದಿಕ್ಕಿಬಿಟ್ಟಳು.

ಜನ ಚಪ್ಪಾಳೆ ಹೊಡೆದರು. ಗೆದ್ದವಳು ನೆಲಕ್ಕೆ ಕುಸಿದು ಅಳುತ್ತಿದ್ದಳು. ಸಂತೋಷಕ್ಕೆ ಎಂದುಕೊಂಡರು ಎಲ್ಲರೂ.

"ಎಲ್ಲಿಂದ ಬಂದೆ?" ಡ್ರೈವರಮ್ಮ ಏದುಸಿರು ಬಿಡುತ್ತಾ ಕೇಳಿದಳು.

"ಎಡಗಡೆಯಿಂದ."

"ಇದು ಗೆಲುವಲ್ಲ."

"ಅಲ್ಲ. ನಂಗೂ ಗೊತ್ತು. ಕೀಲಿ ಕೊಟ್ಟುಬಿಡೇ."

ಸೋಮವಾರ ಕೊಟ್ಟಳು. ಮಾತಿಗೆ ತಪ್ಪುವ ಹೆಂಗಸಲ್ಲ. ಶಾಲೆಯವರು ಕೈಮುಗಿದು ಕಳಿಸಿದರು. ಬದಲಿ ಕೆಲಸದ ಮಾತು ಯಾರ ಬಾಯಿಂದಲೂ ಬರಲಿಲ್ಲ. ಈಗ ಗೋದಾಮೊಂದರಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಾಳೆ. ಚೀಟಿ ಸೊಟ್ಟಗಾದರೆ ಬೈಯುವ ಮೇಲಿನವನಿಗೆ ಅವಳ ಅರ್ಧ ವಯಸ್ಸು.

ಸೈಕಲ್ಲನ್ನು ನನಗೇ ತಂದು ಮಾರಿದಳು. ಹ್ಯಾಂಡಲ್ಲಿನ ಎಡತುದಿ ಗೋಡೆಗೆ ಉಜ್ಜಿ ಉಜ್ಜಿ ಸವೆದಿತ್ತು. ನಾನು ಹೇಳಿದ ಬೆಲೆಗೆ ತಲೆಯಾಡಿಸಿದಳು, ಚೌಕಾಸಿ ಮಾಡಲಿಲ್ಲ. ವ್ಯಾಪಾರಿಯ ಪಾಲಿಗೆ ಅದಕ್ಕಿಂತ ಕೆಟ್ಟ ಗಳಿಗೆ ಇಲ್ಲ.

ಬೇಕರಿಯಕ್ಕ ಮುಂದಿನ ವರ್ಷ ಹೆಸರು ಕೊಡಲಿಲ್ಲ. ಆ ಗುಂಪಿಗೇ ಬಹುಮಾನ ಇಡುವುದನ್ನು ಬಿಟ್ಟರು.

ಸಂಜೆ ಡ್ರೈವರಮ್ಮ ನನ್ನ ಅಂಗಡಿಯ ಮುಂದೆಯೇ ನಡೆದು ಹೋಗುತ್ತಾಳೆ. ಎಡಗಡೆಗೆ ಅತ್ತೆ ಇರುತ್ತಾಳೆ. "ಕಲ್ಲಿದೆ, ಕಣ್ಣೆಲ್ಲಿಟ್ಟಿದೀಯೇ?" ಎಂದು ಗದರುತ್ತಲೇ ಸೊಸೆಯ ಮೊಣಕೈ ಬಿಗಿಯಾಗಿ ಹಿಡಿದಿರುತ್ತಾಳೆ. ಅವರು ದೂರದಲ್ಲಿ ಕಂಡ ಕೂಡಲೇ ಬೇಕರಿಯಕ್ಕ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ರಸ್ತೆ ದಾಟಿ, ಸುತ್ತಿಕೊಂಡು ಹೋಗಿ ಗೆಳತಿಯ ಬಲಗಡೆಗೆ ನಿಲ್ಲುತ್ತಾಳೆ. ಚೆನ್ನಾಗಿ ಕಾಣಲಿ ಎಂದು.

ಡ್ರೈವರಮ್ಮನಿಗೆ ಕಾಣುತ್ತದೆ. ಅವಳು ಮುಖವನ್ನು ಅತ್ತೆಯ ಕಡೆಗೆ ತಿರುಗಿಸಿಕೊಂಡು ಮುಂದೆ ಹೋಗುತ್ತಾಳೆ.