ಅಕ್ಕನ ಹುಬ್ಬಿನ ಗಂಟು

ಅಕ್ಕನ ಮುಖದಿಂದ ಕೋಪ ತೆಗೆಯಲು ಎಂಥ ಬ್ರಷ್ ಬೇಕು? ಕಳೆದ ವಾರವಿಡೀ ನನ್ನನ್ನು ಕಾಡಿದ ಪ್ರಶ್ನೆ ಇದು.

ಕಲ್ಯಾಣದುರ್ಗದ ನನ್ನ ಅಕ್ಕ ನಿಮಗೆ ಗೊತ್ತಲ್ಲ. (ಗೊತ್ತಿಲ್ಲದವರು ಪುಣ್ಯವಂತರು.) ಮಕ್ಕಳು, ಸೊಸೆಯರು ತುಂಬಿದ ಮನೆಯನ್ನು ಬರೀ ಹುಬ್ಬು ಗಂಟಿಕ್ಕಿ ಆಳುವವಳು. ಅವಳದೊಂದು ಚಿತ್ರ ಬರೆದುಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೆ. ವಾಟರ್‌ಕಲರ್‌ನಲ್ಲಿ ಬರೆದೂ ಬಿಟ್ಟೆ. ಭಾನುವಾರ ನಮ್ಮ ಹಿಂದೂಪುರಕ್ಕೆ ಬಂದು ಒಯ್ಯುತ್ತೇನೆ ಎಂದು ಅವಳ ಟ್ರಂಕ್ ಕಾಲ್ ಕೂಡ ಬಂತು.

ಚಿತ್ರ ನೋಡಿದ ನನ್ನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು. "ಹುಬ್ಬಿನ ಮಧ್ಯೆ ಇದೇನ್ರೀ ಗಂಟು? ಅತ್ತಿಗೆ ನೋಡಿದ್ರೆ ನಾನೇ ಹೇಳ್ಕೊಟ್ಟು ಬರ್ಸಿದೀನಿ ಅಂತಾರೆ. ಮೊದ್ಲು ಅಳಿಸ್ಬುಡಿ."

ಅಳಿಸಲು ಇದೇನು ಪೆನ್ಸಿಲ್ಲೇ? ಒಣಗಿದ ವಾಟರ್‌ಕಲರ್ ಅನ್ನು ಎತ್ತಬೇಕು. ಬಿರುಸು ಕೂದಲಿನ ಬ್ರಷ್ಷನ್ನು ಒದ್ದೆ ಮಾಡಿ ಹಗುರವಾಗಿ ಉಜ್ಜಿ, ಬಟ್ಟೆ ಒತ್ತಿದರೆ ಬಣ್ಣ ಎದ್ದು ಬರುತ್ತದೆ. ಆಮೇಲೆ ಮೆತ್ತನೆಯ ಬ್ರಷ್ ಆಡಿಸಿ ಅಂಚು ಮಸುಕು ಮಾಡಬೇಕು. ಎರಡಕ್ಕೂ ಬೇರೆ ಬೇರೆ ಬ್ರಷ್‌ಗಳಿವೆ. ಬೆಂಗಳೂರಿನಲ್ಲಿ.

ಇಲ್ಲಿನ ಪೇಟೆಯಲ್ಲಿ, "ಬಣ್ಣ ಎತ್ತೋ ಬ್ರಷ್ ಐತಾ?" ಎಂದೆ. ಅಂಗಡಿಯವನ ಕಿವಿಗೆ 'ಎತ್ತು' ಮಾತ್ರ ಬಿತ್ತು. "ಎದ್ದುಲಕಾ ಸಾರ್?" ಎಂದು ತೆಲುಗಿನಲ್ಲಿ ಕೇಳಿ, ಉತ್ತರಕ್ಕೂ ಕಾಯದೆ ಒಂದು ಬ್ರಷ್ ಮುಂದಿಟ್ಟ. "ಕೊಂಬಿಗೆ ಬಣ್ಣ ಬಳಿಯಾಕೆ ಇದೇ ಬೆಸ್ಟು. ನಿಮ್ಮತ್ರ ಎಷ್ಟು ಜೊತೆ ಎತ್ತವೆ?"

ಇದು ನಮ್ಮಕ್ಕನಿಗೆ ಎಂದು ಹೇಳಲಾಗುತ್ತದೆಯೇ? ಮುಟ್ಟಿ ನೋಡಿದೆ. ಕೂದಲು ಬೇಕಾದಷ್ಟು ಬಿರುಸಾಗಿತ್ತು. ಮನೆಗೆ ತಂದು, ತುದಿ ಕತ್ತರಿಸಿ ಉಜ್ಜಿದೆ. ಗಂಟು ಎದ್ದು ಬಂತು. ಮಸುಕು ಮಾಡಲು ನನ್ನ ಶೇವಿಂಗ್ ಬ್ರಷ್ (ಹೊಸದು, ಅಕ್ಕನಾಣೆ) ಆಡಿಸಿದೆ. ಚಿಕ್ಕಂದಿನಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗುತ್ತಿದ್ದ ಅಕ್ಕ ಕಾಗದದ ಮೇಲೆ ನಕ್ಕಳು. ನಿಜ ಹೇಳಲೇ? ನಾನೂ ನಕ್ಕುಬಿಟ್ಟೆ.

ಭಾನುವಾರ ಬಂದ ಅಕ್ಕ ಚಿತ್ರವನ್ನು ಬಹಳ ಹೊತ್ತು ನೋಡಿದಳು. "ಯಾರ್ಲಾ ಈವಮ್ಮ? ಪಾಪ, ಒಳ್ಳೇಳಂಗೆ ಕಾಣ್ತಾಳೆ."

"ನೀನೇ ಕಣಕ್ಕ."

"ನಾನಾ? ಇದ್ನ ನೋಡಿ ನನ್ ಸೊಸೇರು ಹೆದರ್ತಾರೇನ್ಲಾ? ಹುಬ್ಬು ಗಂಟಾಕ್ಕೊಂಡಿರಂಗೆ ಬರ್ಕೊಡು. ನಡುಮನೇಲಿ ತಗಲಾಕ್ಬುಟ್ಟು ಬತ್ತೀನಿ. ಮನೇನ ಅದು ನೋಡ್ಕೊಳ್ಳುತ್ತೆ, ನಾನು ಎರಡು ತಿಂಗ್ಳು ಇಲ್ಲೇ ಇದ್ಬುಡ್ತೀನಿ."

ಅಡುಗೆಮನೆಯಲ್ಲಿ ಲೋಟವೊಂದು ಬಿದ್ದ ಸದ್ದಾಯಿತು.

ಸಂಜೆ ಗಂಟು ಬರೆಯಲು ಕುಳಿತೆ. ಎತ್ತಿನ ಬ್ರಷ್ ಇದೆ, ಶೇವಿಂಗ್ ಬ್ರಷ್ ಇದೆ, ಗೆರೆ ಎಳೆಯುವ ಸಣ್ಣ ಬ್ರಷ್ ಮಾತ್ರ ಮಾಯ. ಹೆಂಡತಿಯನ್ನು ಕೇಳೋಣವೆಂದು ಅಡುಗೆಮನೆಗೆ ಹೋದೆ. ಅವಳು ತಿರುಗಿ ನೋಡಿದಳು. ಅಕ್ಕನ ಹುಬ್ಬಿನಿಂದ ನಾನು ಕಷ್ಟಪಟ್ಟು ಎತ್ತಿದ್ದ ಗಂಟು ಅಲ್ಲಿತ್ತು.

ಇದನ್ನು ಎತ್ತುವ ಬ್ರಷ್ ಬೆಂಗಳೂರಿನಲ್ಲಾದರೂ ಸಿಗುತ್ತದೆಯೇ?